ಚರ್ಚಿಲ್ಲಿಗೆ ಹೋಗುವ ರೈಲು

ಇಂದು ನಾವು ಒಂದು ರೈಲು ಪ್ರಯಾಣ ಮಾಡೋಣ. ಟಿಕೆಟ್ಟು ಬೇಡ, ಹಾಸಿಗೆ ಕಟ್ಟಿಕೊಳ್ಳುವ ಗೊಡವೆಯೂ ಬೇಡ. ನಿಮ್ಮ ಶಾಲೆಯ ಭೂಪಟದ ಪುಸ್ತಕವೊಂದು ಕೈಯಲ್ಲಿದ್ದರೆ ಸಾಕು. ಉತ್ತರ ಅಮೆರಿಕದ ಪುಟ ತೆರೆಯಿರಿ. ಕೆನಡಾ ದೇಶದ ನಡುಭಾಗದಲ್ಲಿ ಉತ್ತರದಿಂದ ಒಂದು ದೊಡ್ಡ ನೀಲಿ ಪ್ರದೇಶ ಭೂಮಿಯೊಳಕ್ಕೆ ಚಾಚಿಕೊಂಡಿದೆ. ಅದೇ ಹಡ್ಸನ್ ಕೊಲ್ಲಿ. ಅದರ ಪಶ್ಚಿಮ ದಡದಲ್ಲಿ ಬೆರಳಿಟ್ಟು ನಿಧಾನವಾಗಿ ಸರಿಸುತ್ತ ಬಂದರೆ ಚರ್ಚಿಲ್ ಎಂಬ ಊರು ಸಿಗುತ್ತದೆ. ಅದೇ ಹೆಸರಿನ ನದಿಯೊಂದು ಅಲ್ಲಿ ಕೊಲ್ಲಿಯನ್ನು ಸೇರುತ್ತದೆ.

ಚರ್ಚಿಲ್ ಸಣ್ಣ ಊರು. 2021ರ ಜನಗಣತಿಯಂತೆ ಅಲ್ಲಿದ್ದವರು 870 ಜನ. ನಮ್ಮ ಕಡೆಯ ಒಂದು ಪುಟ್ಟ ಹಳ್ಳಿಯಷ್ಟು. ಆ ಊರಿಗೆ ಹೊರಗಿನಿಂದ ಬರುವ ರಸ್ತೆಯೇ ಇಲ್ಲ. ಬಸ್ಸಿಲ್ಲ, ಲಾರಿಯಿಲ್ಲ. ವಿಮಾನದಲ್ಲಿ ಬರಬೇಕು, ಬೇಸಿಗೆಯಲ್ಲಾದರೆ ಹಡಗಿನಲ್ಲಿ ಬರಬಹುದು, ಇಲ್ಲವೆ ರೈಲಿನಲ್ಲಿ ಬರಬೇಕು. ಮ್ಯಾನಿಟೋಬಾ ಪ್ರಾಂತ್ಯದ ರಾಜಧಾನಿ ವಿನಿಪೆಗ್‌ನಿಂದ ವಾರಕ್ಕೆ ಎರಡು ಸಲ ಹೊರಡುವ ಪ್ರಯಾಣಿಕರ ಗಾಡಿ ಸುಮಾರು 1,700 ಕಿಲೋಮೀಟರ್ ದೂರ ಸಾಗಿ ಚರ್ಚಿಲ್ ತಲಪುತ್ತದೆ. ಪ್ರಪಂಚದ ನಾನಾ ಕಡೆಗಳಿಂದ ಪ್ರವಾಸಿಗರು ಬಂದು ಈ ಗಾಡಿ ಹತ್ತುತ್ತಾರೆ. ಕಿಟಕಿಯ ಹೊರಗೆ ಕಾಣುವ ಉತ್ತರದ ಕಾಡು, ಕೆರೆ, ಹಿಮ, ಬಯಲು ಅಷ್ಟು ಸುಂದರ.

ಈಗ ಒಂದು ಲೆಕ್ಕ ನೋಡಿ. ಬೆಂಗಳೂರಿನಿಂದ ದೆಹಲಿಗೆ ರೈಲಿನಲ್ಲಿ 2,300 ಕಿಲೋಮೀಟರಿಗೂ ಹೆಚ್ಚು ದೂರ. ರಾಜಧಾನಿ ಎಕ್ಸ್‌ಪ್ರೆಸ್ ಅದನ್ನು ಒಂದೂವರೆ ದಿನದೊಳಗೆ ಮುಗಿಸುತ್ತದೆ. ಚರ್ಚಿಲ್ ಗಾಡಿ ಅದಕ್ಕಿಂತ ಕಡಿಮೆ ದೂರವನ್ನು ಕ್ರಮಿಸಲು ಎರಡು ಹಗಲು, ಎರಡು ರಾತ್ರಿ ತೆಗೆದುಕೊಳ್ಳುತ್ತದೆ. ವೇಳಾಪಟ್ಟಿಯಲ್ಲೇ ಸುಮಾರು 45 ಗಂಟೆ. ಕೆಲವೊಮ್ಮೆ ಅದಕ್ಕೂ ಮೇಲೆ ಹಲವು ಗಂಟೆ ತಡವಾಗುವುದುಂಟು. ಕೆನಡಾ ಬಡ ದೇಶವಲ್ಲ, ಎಂಜಿನ್ನುಗಳಿಗೆ ಶಕ್ತಿಯ ಕೊರತೆಯೂ ಇಲ್ಲ. ಹಾಗಿದ್ದರೆ ಈ ಗಾಡಿ ಇಷ್ಟು ನಿಧಾನವೇಕೆ? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಗಾಡಿ ಹತ್ತೋಣ. ಉತ್ತರ ದಾರಿಯಲ್ಲೇ ಸಿಗುತ್ತದೆ.

ಮೊದಲ ಹಗಲು: ಗೋಧಿಯ ಬಯಲು

ವಿನಿಪೆಗ್‌ನ ಯೂನಿಯನ್ ನಿಲ್ದಾಣ 1911ರಲ್ಲಿ ತೆರೆದ ಭವ್ಯ ಕಟ್ಟಡ. ನ್ಯೂಯಾರ್ಕಿನ ಪ್ರಸಿದ್ಧ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣದ ವಾಸ್ತುಶಿಲ್ಪಿಗಳೇ ಇದನ್ನೂ ರೂಪಿಸಿದರು. ನಡುಮಧ್ಯಾಹ್ನದ ಹೊತ್ತಿಗೆ ನಮ್ಮ ಗಾಡಿ ಹೊರಡುತ್ತದೆ. ಸ್ಟೇನ್‌ಲೆಸ್ ಸ್ಟೀಲಿನ ಹಳೆಯ ಡಬ್ಬಿಗಳು. ಕೂತು ಹೋಗುವವರಿಗೊಂದು, ಮಲಗಿ ಹೋಗುವವರಿಗೊಂದು, ಊಟಕ್ಕೊಂದು, ಸಾಮಾನಿಗೊಂದು. ಉದ್ದನೆಯ ಗಾಡಿಯೇನಲ್ಲ.

ಮೊದಲ ಹಗಲೆಲ್ಲ ಮಟ್ಟಸವಾದ ಬಯಲು. ಕೆನಡಾದ ಪ್ರಸಿದ್ಧ ಪ್ರೈರಿ ಇದೇ. ಕಣ್ಣು ಹಾಯುವಷ್ಟು ದೂರ ಗೋಧಿಯ ಹೊಲಗಳು, ಹಳದಿ ಹೂ ಬಿಟ್ಟ ಕನೋಲಾ ಎಂಬ ಎಣ್ಣೆಕಾಳಿನ ಹೊಲಗಳು. ಅಲ್ಲಲ್ಲಿ ಹಳಿಯ ಪಕ್ಕದಲ್ಲಿ ಎತ್ತರದ ಧಾನ್ಯದ ಕಣಜಗಳು. ಗಾಡಿ ವಾಯವ್ಯಕ್ಕೆ ಸಾಗಿ, ಸ್ವಲ್ಪ ದೂರ ಪಕ್ಕದ ಸಸ್ಕ್ಯಾಚುವಾನ್ ಪ್ರಾಂತ್ಯದೊಳಕ್ಕೂ ಹೋಗಿ, ಮತ್ತೆ ಮ್ಯಾನಿಟೋಬಾಕ್ಕೆ ಮರಳುತ್ತದೆ. ಆ ದಾರಿಯಲ್ಲಿ ಕನೋರಾ ಎಂಬ ಊರಿದೆ. ಕೇಳಲು ಯಾವುದೋ ಹಳೆಯ ಬುಡಕಟ್ಟಿನ ಹೆಸರಿನಂತಿದೆ, ಅಲ್ಲವೆ? ಹಾಗಲ್ಲ. ಕೆನಡಿಯನ್ ನಾರ್ದರ್ನ್ ರೈಲ್ವೆ ಎಂಬ ಮೂರು ಪದಗಳ ಮೊದಲ ಎರಡೆರಡು ಅಕ್ಷರಗಳನ್ನು ಕೂಡಿಸಿ ಕಟ್ಟಿದ ಹೆಸರು ಅದು. ರೈಲು ಊರುಗಳನ್ನು ಹುಟ್ಟಿಸಿತು. ಹುಟ್ಟಿಸಿದ ಊರಿಗೆ ತನ್ನ ಹೆಸರನ್ನೇ ಇಟ್ಟಿತು.

ಇನ್ನೂ ಮುಂದೆ ಹೋದರೆ 'ಹಡ್ಸನ್ ಬೇ' ಎಂಬ ಹೆಸರಿನ ಊರೇ ಬರುತ್ತದೆ. ಸಮುದ್ರ ಬಂತೆಂದು ಇಳಿದುಬಿಟ್ಟೀರಿ, ಎಚ್ಚರ! ಕೊಲ್ಲಿ ಅಲ್ಲಿಂದ ಇನ್ನೂ ನೂರಾರು ಕಿಲೋಮೀಟರ್ ದೂರವಿದೆ. ಆದರೆ ಆ ಹೆಸರು ಒಂದು ಆಸೆಯನ್ನು ಹೇಳುತ್ತದೆ. ಈ ಬಯಲಿನ ರೈತರು ಬಹಳ ಕಾಲ ಕಂಡ ಕನಸು ಆ ಕೊಲ್ಲಿಯದೇ.

ರೈತರ ಕನಸು

ಆ ಕನಸು ಏನೆಂದು ಭೂಪಟದಲ್ಲೇ ನೋಡಿ. ಬಯಲಿನ ಗೋಧಿಯನ್ನು ಯೂರೋಪಿಗೆ ಮಾರಬೇಕಾದರೆ ಮೊದಲು ಪೂರ್ವಕ್ಕೆ, ಅಟ್ಲಾಂಟಿಕ್ ಕಡೆಯ ಬಂದರುಗಳಿಗೆ, ಬಹಳ ದೂರ ಸಾಗಿಸಬೇಕು. ಸಾಗಣೆ ಖರ್ಚು ಹೆಚ್ಚು. ಆದರೆ ಉತ್ತರದಲ್ಲಿ ಹಡ್ಸನ್ ಕೊಲ್ಲಿ ನೆಲದೊಳಗೆ ನುಗ್ಗಿ ಬಂದು ಅರ್ಧ ದಾರಿಯಲ್ಲೇ ಕಾದು ನಿಂತಂತಿದೆ. 1670ರಲ್ಲಿ ಸ್ಥಾಪಿತವಾದ ಹಡ್ಸನ್ಸ್ ಬೇ ಕಂಪನಿಯವರು ತುಪ್ಪಳದ ವ್ಯಾಪಾರಕ್ಕೆ ಹಡಗುಗಳನ್ನು ತಂದದ್ದು ಈ ಕೊಲ್ಲಿಯ ಮೂಲಕವೇ. ಕೊಲ್ಲಿಯವರೆಗೆ ಒಂದು ರೈಲು ಹಾಕಿ ಅಲ್ಲೊಂದು ಬಂದರು ಕಟ್ಟಿದರೆ ಕಾಳು ನೇರವಾಗಿ ಹಡಗು ಏರುತ್ತದಲ್ಲ ಎಂದು ರೈತರು ಸರಕಾರವನ್ನು ಒತ್ತಾಯಿಸುತ್ತಲೇ ಬಂದರು.

1910ರ ದಶಕದಲ್ಲಿ ಕೆಲಸ ಶುರುವಾಯಿತು. ಸಸ್ಕ್ಯಾಚುವಾನ್ ನದಿಯ ದಡದ 'ದ ಪಾ' ಎಂಬ ಊರಿನಿಂದ ಈಶಾನ್ಯಕ್ಕೆ ಹಳಿ ಹಾಕುತ್ತ ಹೋದರು. ಬಂದರಿಗಾಗಿ ಮೊದಲು ಆರಿಸಿದ್ದು ಚರ್ಚಿಲ್ ಅಲ್ಲ, ನೆಲ್ಸನ್ ನದಿಯ ಮುಖದಲ್ಲಿದ್ದ ಪೋರ್ಟ್ ನೆಲ್ಸನ್. ಅಲ್ಲಿ ನೀರಿನಲ್ಲಿ ಕೃತಕ ದ್ವೀಪ ಕಟ್ಟಿದರು, ಅದಕ್ಕೆ ಉದ್ದನೆಯ ಉಕ್ಕಿನ ಸೇತುವೆ ಹಾಕಿದರು. ಅಷ್ಟರಲ್ಲಿ ಮೊದಲನೆಯ ಮಹಾಯುದ್ಧ ಬಂತು. ಹಣಕ್ಕೂ ಆಳುಗಳಿಗೂ ಕೊರತೆಯಾಗಿ ಕೆಲಸ ನಿಂತಿತು. ಮತ್ತೆ ಅದನ್ನು ಕೈಗೆತ್ತಿಕೊಂಡದ್ದು 1926ರಲ್ಲಿ. ಫ್ರೆಡೆರಿಕ್ ಪಾಮರ್ ಎಂಬ ಬ್ರಿಟಿಷ್ ಎಂಜಿನಿಯರು 1927ರಲ್ಲಿ ಎರಡೂ ಸ್ಥಳಗಳನ್ನು ಪರಿಶೀಲಿಸಿ, ಬಂದರಿಗೆ ಚರ್ಚಿಲ್ಲೇ ತಕ್ಕದ್ದು ಎಂದು ವರದಿ ಕೊಟ್ಟರು. ಹಳಿಯ ದಿಕ್ಕು ಬದಲಾಯಿತು. ಪೋರ್ಟ್ ನೆಲ್ಸನ್‌ನ ದ್ವೀಪ, ಸೇತುವೆ ಎರಡೂ ಯಾರೂ ಇಲ್ಲದ ಆ ದಡದಲ್ಲಿ ಹಾಗೆಯೇ ಉಳಿದುಬಿಟ್ಟವು.

ಕೊನೆಯ ಹಂತದ ಹಳಿಯನ್ನು 1928-29ರ ಚಳಿಗಾಲದಲ್ಲಿ ಹಾಕಿದರು. ಚಳಿಗಾಲದಲ್ಲೇ ಏಕೆ? ಬೇಸಿಗೆಯಲ್ಲಿ ಅಲ್ಲಿನ ನೆಲ ಕೆಸರು, ಕಾಲಿಟ್ಟರೆ ಹೂತುಹೋಗುತ್ತದೆ. ಚಳಿಗಾಲದಲ್ಲಿ ಕಲ್ಲಿನಂತೆ ಗಟ್ಟಿ. ಹೆಪ್ಪುಗಟ್ಟಿದ ನೆಲದ ಮೇಲೆಯೇ ಸ್ಲೀಪರು, ಹಳಿಗಳನ್ನು ಜೋಡಿಸುತ್ತ ಹೋಗಿ, ಜಲ್ಲಿ ತುಂಬುವ ಕೆಲಸವನ್ನು ಬೇಸಿಗೆಗೆ ಬಿಟ್ಟರು. 1929ರ ಮಾರ್ಚ್ 29ರಂದು ಹಳಿ ಚರ್ಚಿಲ್ ಮುಟ್ಟಿತು. ಇಂಥ ಸಂದರ್ಭದಲ್ಲಿ ಕೊನೆಯ ಮೊಳೆ ಬೆಳ್ಳಿಯದೋ ಚಿನ್ನದ್ದೋ ಆಗಿರುವುದು ವಾಡಿಕೆ. ಆ ಕೊರೆಯುವ ಚಳಿಯಲ್ಲಿ ಬೆಳ್ಳಿ ಎಲ್ಲಿಂದ ಬರಬೇಕು? ಹೊಗೆಸೊಪ್ಪಿನ ಪೊಟ್ಟಣದ ತವರದ ಹಾಳೆಯನ್ನು ಕಿತ್ತು ಕಬ್ಬಿಣದ ಮೊಳೆಗೆ ಸುತ್ತಿ ಹೊಡೆದರಂತೆ! 1931ರ ಸೆಪ್ಟೆಂಬರಿನಲ್ಲಿ ಗೋಧಿ ತುಂಬಿಕೊಂಡ ಮೊದಲ ಹಡಗುಗಳು ಚರ್ಚಿಲ್ ಬಂದರಿನಿಂದ ಹೊರಟವು.

ಎರಡನೆಯ ಹಗಲು: ಕಾಡು ಮತ್ತು ಜನ

ರಾತ್ರಿ ನಾವು ನಿದ್ರೆಯಲ್ಲಿರುವಾಗ ಗಾಡಿ ದ ಪಾ ಊರನ್ನು ದಾಟಿರುತ್ತದೆ. ಬೆಳಗಾಗುವಾಗ ಹೊರಗಿನ ನೋಟವೇ ಬೇರೆ. ಹೊಲಗಳಿಲ್ಲ. ಸ್ಪ್ರೂಸ್ ಮರಗಳ ಕಡುಹಸಿರು ಕಾಡು, ನಡುನಡುವೆ ಬಿಳಿ ತೊಗಟೆಯ ಬರ್ಚ್ ಮರಗಳು, ಒಂದಾದ ಮೇಲೊಂದು ಕೆರೆ. ಎಣಿಸುತ್ತೇನೆಂದು ಹೊರಟರೆ ಲೆಕ್ಕ ತಪ್ಪುವಷ್ಟು ಕೆರೆಗಳು. ಹಿಮಯುಗದ ದೊಡ್ಡ ಹಿಮರಾಶಿಗಳು ಬಂಡೆಗಳನ್ನು ಕೆರೆದು ತಗ್ಗು ಮಾಡಿ ಹೋದ ಗುರುತುಗಳಿವು. ಕೆರೆಗಳ ನಡುವಣ ಜೌಗು ನೆಲಕ್ಕೆ ಅಲ್ಲಿನವರು 'ಮಸ್ಕೆಗ್' ಎನ್ನುತ್ತಾರೆ. ಸತ್ತ ಪಾಚಿ, ಹುಲ್ಲು, ಬೇರುಗಳು ಚಳಿಯ ದೆಸೆಯಿಂದ ಪೂರ್ತಿ ಕೊಳೆಯದೆ ಸಾವಿರಾರು ವರ್ಷ ಒಂದರ ಮೇಲೊಂದು ಕೂತು ಆದ ಸ್ಪಂಜಿನಂಥ ನೆಲ ಅದು. ಈ ಪದರಕ್ಕೆ 'ಪೀಟ್' ಎಂದು ಹೆಸರು.

ಪ್ರವಾಸದ ಕರಪತ್ರಗಳು ಇದನ್ನು ನಿರ್ಜನ ಕಾಡು ಎನ್ನುತ್ತವೆ. ಸ್ವಲ್ಪ ಹೊತ್ತು ಕಿಟಕಿ ಬಿಟ್ಟು ಡಬ್ಬಿಯ ಒಳಗೆ ನೋಡಿ. ನಿಮ್ಮ ಜೊತೆ ಕೂತವರೆಲ್ಲ ಕ್ಯಾಮೆರಾ ಹಿಡಿದ ಪ್ರವಾಸಿಗರಲ್ಲ. ಆಸ್ಪತ್ರೆಗೆ ಹೋಗಿ ಮರಳುತ್ತಿರುವ ಅಜ್ಜಿ ಇರಬಹುದು. ಪಟ್ಟಣದ ಅಂಗಡಿಯಿಂದ ತಿಂಗಳ ಸಾಮಾನು ತರುತ್ತಿರುವ ಸಂಸಾರ ಇರಬಹುದು. ಬಲೆ ಹಾಕಲು ಹೊರಟ ಮೀನುಗಾರ ಇರಬಹುದು. ಕ್ರೀ, ಡೆನೆ, ಮೇಟಿ ಜನ ಇವರು. ರೈಲು ಬರುವುದಕ್ಕೆ ಎಷ್ಟೋ ಮೊದಲಿನಿಂದ ಕ್ರೀ ಮತ್ತು ಡೆನೆ ಜನ ಈ ಕಾಡಿನಲ್ಲಿ ಬಾಳಿದವರು. ಕಾಡು ನಿರ್ಜನವಾಗಿ ಕಾಣುವುದು ಕಿಟಕಿಯಿಂದ ನೋಡುವವರಿಗೆ ಮಾತ್ರ.

ಥಿಕೆಟ್ ಪೋರ್ಟೇಜ್, ಪಿಕ್ವಿಟೊನೆ ಎಂಬ ಪುಟ್ಟ ಊರುಗಳಿಗೆ ವರ್ಷವಿಡೀ ತೆರೆದಿರುವ ರಸ್ತೆಯಿಲ್ಲ. ಅವರಿಗೆ ಈ ಗಾಡಿಯೇ ಬಸ್ಸು, ಇದೇ ಲಾರಿ. ಈ ಮಾರ್ಗದಲ್ಲಿ ಇನ್ನೊಂದು ಪದ್ಧತಿಯಿದೆ. ನಿಲ್ದಾಣವಿಲ್ಲದ ಕೆಲವು ಕಡೆಯೂ, ಮೊದಲೇ ತಿಳಿಸಿದ್ದರೆ, ಗಾಡಿ ನಿಲ್ಲುತ್ತದೆ. ಕಾಡಿನ ನಡುವೆ ಗಾಡಿ ನಿಂತು, ಒಬ್ಬನೇ ಒಬ್ಬ ಇಳಿದು, ಸಾಮಾನಿನ ಡಬ್ಬಿಯಿಂದ ತನ್ನ ಗಂಟುಮೂಟೆ ಇಳಿಸಿಕೊಂಡು ಮರಗಳ ಕಡೆ ನಡೆದುಹೋದರೆ ಅಲ್ಲಿ ಯಾರಿಗೂ ಆಶ್ಚರ್ಯವಿಲ್ಲ.

ಮಧ್ಯಾಹ್ನದ ಹೊತ್ತಿಗೆ ಥಾಂಪ್ಸನ್ ಬರುತ್ತದೆ. 1956ರಲ್ಲಿ ಇಲ್ಲಿ ನಿಕ್ಕಲ್ ಅದಿರು ಸಿಕ್ಕಿದ ಮೇಲೆ ಕಾಡಿನ ನಡುವೆ ಎದ್ದ ಗಣಿ ಪಟ್ಟಣ ಇದು. ಮುಖ್ಯ ಮಾರ್ಗದಿಂದ ಕವಲೊಡೆದ ಹಳಿಯಲ್ಲಿ ಗಾಡಿ ಊರೊಳಗೆ ಹೋಗಿ, ಹಲವು ಗಂಟೆ ನಿಂತು, ಬಂದ ದಾರಿಯಲ್ಲೇ ಮರಳಿ ಮುಖ್ಯ ಮಾರ್ಗ ಸೇರುತ್ತದೆ. ರಾತ್ರಿ ಗಿಲ್ಲಂ ಎಂಬ ಊರು. ಅಲ್ಲಿ ನೆಲ್ಸನ್ ನದಿಗೆ ದೊಡ್ಡ ದೊಡ್ಡ ಅಣೆಕಟ್ಟುಗಳಿವೆ. ಅವುಗಳ ವಿದ್ಯುತ್ತು ದಕ್ಷಿಣದ ನಗರಗಳನ್ನು ಬೆಳಗುತ್ತದೆ. ಆದರೆ 1970ರ ದಶಕದಲ್ಲಿ ಚರ್ಚಿಲ್ ನದಿಯ ನೀರನ್ನು ನೆಲ್ಸನ್ ನದಿಗೆ ತಿರುಗಿಸಿದಾಗ ಕ್ರೀ ಜನರ ಮೀನುಗಾರಿಕೆಗೂ ನೆಲೆಗಳಿಗೂ ಆದ ನಷ್ಟ ದೊಡ್ಡದು. ಅದರ ಪರಿಹಾರಕ್ಕಾಗಿ 1977ರಲ್ಲಿ ಒಪ್ಪಂದವನ್ನೇ ಮಾಡಿಕೊಳ್ಳಬೇಕಾಯಿತು. ಗಿಲ್ಲಂ ದಾಟಿದ ಮೇಲೆ ಚರ್ಚಿಲ್ ಕಡೆಗೆ ರಸ್ತೆ ಇಲ್ಲ. ಮುಂದೆ ಇರುವುದು ಹಳಿ ಒಂದೇ.

ನೆಲದೊಳಗಿನ ಮಂಜುಗಡ್ಡೆ

ಮೂರನೆಯ ದಿನ ಬೆಳಿಗ್ಗೆ ಎದ್ದಾಗ ಗಾಡಿ ಮೆಲ್ಲಗೆ, ತೂಗುಯ್ಯಾಲೆಯಂತೆ ಅಡ್ಡಡ್ಡ ತೂಗುತ್ತ ಹೋಗುತ್ತಿರುತ್ತದೆ. ಹೊರಗೆ ಮರಗಳು ಕುಳ್ಳಾಗಿವೆ, ವಿರಳವಾಗಿವೆ. ಕೆಲವು ಒಂದು ಕಡೆಗೆ ವಾಲಿವೆ. ಇನ್ನು ಕೆಲವಕ್ಕೆ ಒಂದೇ ಪಕ್ಕದಲ್ಲಿ ಕೊಂಬೆಗಳು; ಬಾವುಟ ಕಟ್ಟಿದ ಕೋಲಿನಂತೆ ಕಾಣುತ್ತವೆ. ಹಿಮದ ಹರಳುಗಳನ್ನು ಹೊತ್ತು ವಾಯವ್ಯದಿಂದ ಬೀಸುವ ಗಾಳಿ ಆ ಕಡೆಯ ಚಿಗುರನ್ನೆಲ್ಲ ಉಜ್ಜಿ ಹಾಕಿಬಿಡುತ್ತದೆ. ಹಳಿಯ ಪಕ್ಕದಲ್ಲಿ ಹಳೆಯ ತಂತಿ ಕಂಬಗಳನ್ನು ಗಮನಿಸಿ. ನಮ್ಮಲ್ಲಿಯಂತೆ ಒಂದೊಂದೇ ಕಂಬವನ್ನು ನೆಟ್ಟಿಲ್ಲ. ಮೂರು ಮೂರು ಕಂಬಗಳ ತುದಿ ಕೂಡಿಸಿ ಮುಕ್ಕಾಲಿಯಂತೆ ನೆಲದ ಮೇಲೆ ನಿಲ್ಲಿಸಿದ್ದಾರೆ.

ಏಕೆ? ನಮ್ಮ ಮೊದಲ ಪ್ರಶ್ನೆಗೂ ಈ ಪ್ರಶ್ನೆಗೂ ಉತ್ತರ ಒಂದೇ. ಇಲ್ಲಿ ನೆಲದ ಅಡಿಯಲ್ಲಿರುವುದು ವರ್ಷವಿಡೀ ಹೆಪ್ಪುಗಟ್ಟಿರುವ ಮಣ್ಣು. ಭೂವಿಜ್ಞಾನಿಗಳು ಇದನ್ನು 'ಪರ್ಮಾಫ್ರಾಸ್ಟ್' ಎನ್ನುತ್ತಾರೆ. ಕನಿಷ್ಠ ಎರಡು ವರ್ಷ ಸತತವಾಗಿ ಸೊನ್ನೆ ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಉಷ್ಣತೆಯಲ್ಲಿರುವ ನೆಲಕ್ಕೆ ಈ ಹೆಸರು. ದಕ್ಷಿಣದಲ್ಲಿ ಇದು ತೇಪೆ ತೇಪೆಯಾಗಿದೆ. ಕೊಲ್ಲಿಯ ಬಳಿ ಬಂದಂತೆ ಒಂದೇ ಹಾಸಿನಂತೆ ಹರಡಿದೆ. ಬೇಸಿಗೆಯಲ್ಲಿ ಮೇಲಿನ ಸ್ವಲ್ಪ ಪದರ ಮಾತ್ರ ಕರಗುತ್ತದೆ, ಚಳಿಗಾಲಕ್ಕೆ ಮತ್ತೆ ಹೆಪ್ಪುಗಟ್ಟುತ್ತದೆ. ನೀರು ಮಂಜುಗಡ್ಡೆಯಾದಾಗ ಸುಮಾರು ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆಂದು ನೀವು ಪಾಠದಲ್ಲಿ ಓದಿದ್ದೀರಿ. ಜೊತೆಗೆ, ಹೆಪ್ಪುಗಟ್ಟುತ್ತಿರುವ ಮಣ್ಣು ಸುತ್ತಲಿನ ತೇವವನ್ನೂ ತನ್ನ ಕಡೆಗೆ ಎಳೆದುಕೊಂಡು ಉಬ್ಬುತ್ತದೆ. ನೆಟ್ಟ ಕಂಬವನ್ನು ಈ ನೆಲ ವರ್ಷ ವರ್ಷವೂ ಮೇಲಕ್ಕೆ ನೂಕಿ ಕೊನೆಗೆ ಉರುಳಿಸುತ್ತದೆ. ಮುಕ್ಕಾಲಿಯಾದರೆ ನೆಲದ ಜೊತೆ ತಾನೂ ಏರುತ್ತ ಇಳಿಯುತ್ತ ನಿಲ್ಲುತ್ತದೆ.

ಇಂಥ ನೆಲದ ಮೇಲೆ ಹಳಿ ಹಾಕಿದರೆ ಏನಾಗುತ್ತದೆ? ಐಸ್ ಮಾರುವವರು ಮಂಜುಗಡ್ಡೆಯ ಮೇಲೆ ಮರದ ಹೊಟ್ಟು ಸುರಿದು ಗೋಣಿಚೀಲ ಹೊದಿಸುವುದನ್ನು ನೋಡಿದ್ದೀರಲ್ಲ? ಉತ್ತರದ ನೆಲಕ್ಕೆ ಪೀಟ್ ಪದರವೇ ಹೊಟ್ಟು, ಪಾಚಿಯೇ ಗೋಣಿಚೀಲ. ಬೇಸಿಗೆಯಲ್ಲಿ ಒಣಗಿದ ಪೀಟ್ ಬಿಸಿಲಿನ ಕಾವನ್ನು ಕೆಳಗೆ ಬಿಡುವುದಿಲ್ಲ. ರೈಲು ಮಾರ್ಗ ಮಾಡುವಾಗ ಈ ಹೊದಿಕೆ ಕೆಡುತ್ತದೆ. ಜಲ್ಲಿ, ಮಣ್ಣಿನ ಏರಿ ಕಾವನ್ನು ಸುಲಭವಾಗಿ ಒಳಕ್ಕೆ ಬಿಡುತ್ತದೆ. ಏರಿಯ ಪಕ್ಕದಲ್ಲಿ ನೀರು ನಿಲ್ಲುತ್ತದೆ. ಆ ನೀರೂ ನೆಲವನ್ನು ಬೆಚ್ಚಗಿಡುತ್ತದೆ. ಚಳಿಗಾಲದಲ್ಲಿ ಏರಿಯ ಇಳಿಜಾರಿಗೆ ಒತ್ತಿಕೊಂಡು ಬೀಳುವ ಹಿಮ ಕಂಬಳಿಯಂತೆ ಹೊದ್ದುಕೊಂಡು, ನೆಲ ಚೆನ್ನಾಗಿ ತಣಿಯದಂತೆ ಮಾಡುತ್ತದೆ. ಒಳಗಿನ ಗಡ್ಡೆ ಕರಗಿದಲ್ಲಿ ಹಳಿ ಕುಸಿಯುತ್ತದೆ. ಪಕ್ಕದಲ್ಲಿ ಗಟ್ಟಿ ನೆಲವಿದ್ದರೆ ಅಲ್ಲಿ ಕುಸಿಯುವುದಿಲ್ಲ. ಹೀಗಾಗಿ ಹಳಿ ಅಲೆಯಲೆಯಾಗುತ್ತದೆ.

ಗಾಡಿ ತೂಗುಯ್ಯಾಲೆಯಾಗುವುದು ಇದರಿಂದಲೇ. ಇಲ್ಲಿ ವೇಗವನ್ನು ನಿರ್ಧರಿಸುವುದು ಎಂಜಿನ್ನಿನ ಬಲವಲ್ಲ, ನೆಲದ ಬಲ. ಪ್ರತಿ ಬೇಸಿಗೆಯಲ್ಲೂ ಕೆಲಸಗಾರರು ಬಂದು ತಗ್ಗಿದ ಕಡೆ ಜಲ್ಲಿ ತುಂಬಿ, ಹಳಿಯನ್ನು ಎತ್ತಿ ಸರಿಸಮ ಮಾಡುತ್ತಾರೆ. ಮರು ವರ್ಷ ಅದೇ ಜಾಗ ಮತ್ತೆ ಕೇಳುತ್ತದೆ. ಎಂಜಿನಿಯರುಗಳು ಬೇರೆ ಉಪಾಯಗಳನ್ನೂ ಹುಡುಕಿದ್ದಾರೆ. ನೆಲದಲ್ಲಿ ಕೊಳವೆಗಳನ್ನು ಇಳಿಸಿ, ಒಳಗಿನ ದ್ರವ ಆವಿಯಾಗಿ ಮೇಲೇರಿ, ಚಳಿಗಾಳಿಗೆ ತಣಿದು ಮತ್ತೆ ಕೆಳಗಿಳಿಯುವಂತೆ ಮಾಡಿದರೆ ಮಣ್ಣಿನ ಕಾವು ತಾನಾಗಿ ಹೊರಬೀಳುತ್ತದೆ. ವಿದ್ಯುತ್ತೂ ಬೇಡ, ಪಂಪೂ ಬೇಡ. ಚೀನಾ 2006ರಲ್ಲಿ ಗೋಲ್ಮುಡ್‌ನಿಂದ ಲಾಸಾಕ್ಕೆ ತೆರೆದ 1,142 ಕಿಲೋಮೀಟರ್ ಉದ್ದದ ರೈಲು ಮಾರ್ಗದಲ್ಲಿ ಸುಮಾರು 550 ಕಿಲೋಮೀಟರ್ ಇಂಥ ಹೆಪ್ಪುನೆಲದ ಮೇಲಿದೆ. ಅಲ್ಲಿ ಈ ಕೊಳವೆಗಳನ್ನು ಬಹಳವಾಗಿ ಬಳಸಿದ್ದಾರೆ. ಆದರೆ ಚರ್ಚಿಲ್ ಮಾರ್ಗವನ್ನು ಹಾಕಿದ 1929ರಲ್ಲಿ ಇದೆಲ್ಲ ಇರಲಿಲ್ಲ.

ಕೊಲ್ಲಿಯ ದಡದಲ್ಲಿ

ಮರಗಳು ಬಹುಮಟ್ಟಿಗೆ ಮುಗಿದು ಟಂಡ್ರಾ ಬಯಲು ಬಂದಿತು. ಸ್ವಲ್ಪ ಹೊತ್ತಿಗೆ ಎತ್ತರದ ಬಿಳಿಯ ಧಾನ್ಯದ ಕಣಜ ಕಾಣುತ್ತದೆ. ಚರ್ಚಿಲ್ ಬಂತು.

ಜುಲೈ, ಆಗಸ್ಟ್ ತಿಂಗಳಲ್ಲಿ ಬಂದರೆ ನದಿಯ ಮುಖದಲ್ಲಿ ಸಾವಿರಾರು ಬೆಲೂಗಾ ತಿಮಿಂಗಿಲಗಳ ಬಿಳಿ ಬೆನ್ನುಗಳು ಮೂಡಿ ಮುಳುಗುವುದನ್ನು ನೋಡಬಹುದು. ಜೂನಿನಲ್ಲಿ ಹಗಲು ಸುಮಾರು ಹದಿನೆಂಟು ಗಂಟೆ. ಡಿಸೆಂಬರಿನಲ್ಲಿ ಆರು ಗಂಟೆಗೆ ಸ್ವಲ್ಪ ಹೆಚ್ಚು ಅಷ್ಟೆ. ಚಳಿಗಾಲದ ಆ ದೀರ್ಘ ರಾತ್ರಿಗಳಲ್ಲಿ ಆಕಾಶದ ತುಂಬ ಹಸಿರು ಪರದೆ ಅಲುಗಿದಂತೆ ಧ್ರುವಪ್ರಭೆ ಮೂಡುತ್ತದೆ. ಸೂರ್ಯನಿಂದ ಹಾರಿಬಂದ ಕಣಗಳು ಭೂಮಿಯ ಕಾಂತಕ್ಷೇತ್ರದ ದಾರಿಯಲ್ಲಿ ಇಳಿದು ಮೇಲಿನ ವಾಯುಮಂಡಲದ ಆಮ್ಲಜನಕವನ್ನು ತಾಕಿದಾಗ ಏಳುವ ಬೆಳಕು ಅದು.

ಅಕ್ಟೋಬರ್, ನವೆಂಬರ್ ತಿಂಗಳುಗಳು ಹಿಮಕರಡಿಗಳವು. ಬೇಸಿಗೆಯಲ್ಲಿ ಕೊಲ್ಲಿಯ ಮಂಜು ಕರಗಿದಾಗ ಅವು ದಡಕ್ಕೆ ಬರುತ್ತವೆ. ಸೀಲ್ ಬೇಟೆ ನಡೆಯುವುದು ಸಮುದ್ರದ ಮಂಜಿನ ಮೇಲೆ. ಆದ್ದರಿಂದ ದಡದಲ್ಲಿರುವಷ್ಟು ಕಾಲವೂ ಅವಕ್ಕೆ ಹೆಚ್ಚುಕಡಿಮೆ ಉಪವಾಸ. ಕೊಲ್ಲಿ ಮತ್ತೆ ಹೆಪ್ಪುಗಟ್ಟುವುದನ್ನು ಕಾಯುತ್ತ ಚರ್ಚಿಲ್ಲಿನ ಸುತ್ತ ಸೇರುತ್ತವೆ. ಊರಿನವರು ಕಾರಿನ ಬಾಗಿಲಿಗೆ ಬೀಗ ಹಾಕದೆ ಬಿಡುವ ರೂಢಿಯಿದೆ. ಬೀದಿಯಲ್ಲಿ ಕರಡಿ ಎದುರಾದವರು ಯಾರದೇ ಕಾರಾದರೂ ಒಳಗೆ ಹೊಕ್ಕು ಬಾಗಿಲು ಹಾಕಿಕೊಳ್ಳಲಿ ಎಂದು. ಮಂಜಿನ ಕಾಲ ಕಡಿಮೆಯಾದಂತೆ ಕರಡಿಗಳ ಉಪವಾಸ ಉದ್ದವಾಗುತ್ತಿದೆ. ಕೊಲ್ಲಿಯ ಪಶ್ಚಿಮ ಭಾಗದಲ್ಲಿ 2016ರ ಸಮೀಕ್ಷೆ 842 ಕರಡಿಗಳೆಂದು ಅಂದಾಜು ಮಾಡಿತ್ತು. 2021ರ ಸಮೀಕ್ಷೆಯ ಅಂದಾಜು 618. ಸಮುದ್ರದ ಮಂಜು ಕರಡಿಗೆ ನೆಲ. ನೆಲದೊಳಗಿನ ಮಂಜು ರೈಲಿಗೆ ನೆಲ. ಎರಡೂ ಒಂದೇ ಕಾರಣಕ್ಕೆ ಸಡಿಲವಾಗುತ್ತಿವೆ.

ರೈಲು ಬಾರದ ಹದಿನೆಂಟು ತಿಂಗಳು

ಮಿತ್ರರೆ, ಈಗ ಕಥೆಯ ಮುಖ್ಯ ಭಾಗಕ್ಕೆ ಬರೋಣ. 2017ರ ಮಾರ್ಚ್ ತಿಂಗಳಲ್ಲಿ ಚರ್ಚಿಲ್ ಸೀಮೆಯಲ್ಲಿ ಭಾರಿ ಹಿಮಪಾತವಾಯಿತು. ಮೇ ತಿಂಗಳಲ್ಲಿ ಆ ಹಿಮವೆಲ್ಲ ಕರಗಿ ಪ್ರವಾಹವಾಗಿ ಹರಿದಾಗ ಗಿಲ್ಲಂ ಮತ್ತು ಚರ್ಚಿಲ್ ನಡುವೆ ಇಪ್ಪತ್ತಕ್ಕೂ ಹೆಚ್ಚು ಕಡೆ ಏರಿ ಕೊಚ್ಚಿಹೋಯಿತು. ಸೇತುವೆಗಳಿಗೂ ಮೋರಿಗಳಿಗೂ ಪೆಟ್ಟಾಯಿತು. ಕೆಲವೆಡೆ ಕೆಳಗೆ ನೆಲವೇ ಇಲ್ಲದೆ ಹಳಿಗಳು ಗಾಳಿಯಲ್ಲಿ ಜೋತಾಡುತ್ತಿದ್ದವು. ರೈಲು ನಿಂತಿತು.

ಒಂದೆರಡು ತಿಂಗಳಲ್ಲಿ ಸರಿಯಾಗಬಹುದೆಂದು ಜನ ಕಾದರು. ಆದರೆ ಮಾರ್ಗ ಆಗ ಸರಕಾರದ್ದಾಗಿರಲಿಲ್ಲ. 1997ರಲ್ಲಿಯೇ ಅದನ್ನು ಖಾಸಗಿ ಕಂಪನಿಯೊಂದಕ್ಕೆ ಮಾರಲಾಗಿತ್ತು. ದುರಸ್ತಿಯ ಖರ್ಚು ಕಂಪನಿ ಕೊಡಬೇಕೋ ಸರಕಾರ ಕೊಡಬೇಕೋ ಎಂಬ ವಾದ ಶುರುವಾಯಿತು. ವಾದ ನಡೆಯುತ್ತಿದ್ದಂತೆಯೇ ಬೇಸಿಗೆ ಮುಗಿಯಿತು. ತರಕಾರಿ, ಹಾಲು, ಮಕ್ಕಳ ಆಹಾರ ಎಲ್ಲವೂ ವಿಮಾನದಲ್ಲಿ ಬರತೊಡಗಿದವು. ಬೆಲೆ ಏರಿತು. ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ಪ್ರೊಪೇನ್ ಅನಿಲವನ್ನು ಮಂಜು ಕಟ್ಟುವ ಮೊದಲೇ ಹಡಗಿನಲ್ಲಿ ತಂದು ಕೂಡಿಡಬೇಕಾಯಿತು. ಕೆಲಸವಿಲ್ಲದೆ ಕೆಲವು ಸಂಸಾರಗಳು ಊರು ಬಿಟ್ಟವು. ಪ್ರವಾಹದ ಹೊತ್ತಿಗೆ ಚರ್ಚಿಲ್ ನಿಲ್ದಾಣದಲ್ಲಿದ್ದ ಪ್ರಯಾಣಿಕರ ಗಾಡಿಯೊಂದು ಅಲ್ಲೇ ಸಿಕ್ಕಿಕೊಂಡಿತ್ತು. ಹಿಂತಿರುಗಲು ಹಳಿಯೇ ಇಲ್ಲ. ಕೊನೆಗೆ ಆ ವರ್ಷದ ಅಕ್ಟೋಬರಿನಲ್ಲಿ ರೈಲನ್ನೇ ಹಡಗಿಗೆ ಏರಿಸಿ ದಕ್ಷಿಣಕ್ಕೆ ಸಾಗಿಸಿದರು!

ಸಾವಿರ ಜನರೂ ಇಲ್ಲದ ಊರಿಗಾಗಿ ಇಷ್ಟು ಖರ್ಚು ಏಕೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಆ ಊರು ಅಲ್ಲಿ ಬೆಳೆದದ್ದು, ರೈಲು ಬರುತ್ತದೆ ಎಂದು ದೇಶ ಕೊಟ್ಟ ಮಾತಿನ ಮೇಲೆ. ಮಾತು ಕೊಟ್ಟು ಜನರನ್ನು ನೆಲೆಗೊಳಿಸಿದ ಮೇಲೆ ಲಾಭ ನಷ್ಟದ ಲೆಕ್ಕವೊಂದೇ ಸಾಲುವುದಿಲ್ಲ.

2018ರ ಆಗಸ್ಟ್ ಕೊನೆಯಲ್ಲಿ ಮಾರ್ಗವನ್ನೂ ಬಂದರನ್ನೂ ಆರ್ಕ್ಟಿಕ್ ಗೇಟ್‌ವೇ ಎಂಬ ಹೊಸ ಕೂಟ ಕೊಂಡುಕೊಂಡಿತು. ಉತ್ತರದ ಆದಿವಾಸಿ ಸಮುದಾಯಗಳೂ ಇತರ ಊರುಗಳೂ ಅದರಲ್ಲಿ ಪಾಲುದಾರರು. ಕೇಂದ್ರ ಸರಕಾರ ಹಣದ ನೆರವು ಕೊಟ್ಟಿತು. ನೆಲ ಮತ್ತೆ ಹೆಪ್ಪುಗಟ್ಟುವ ಮೊದಲೇ ಮುಗಿಸಬೇಕಾದ ಕೆಲಸ. ಇದ್ದದ್ದು ಕೆಲವೇ ವಾರ. ಅಕ್ಟೋಬರ್ ಕೊನೆಯ ಹೊತ್ತಿಗೆ ಹಳಿ ಕೂಡಿತು. ಡಿಸೆಂಬರಿನಲ್ಲಿ, ಹದಿನೆಂಟು ತಿಂಗಳ ಮೇಲೆ, ಮೊದಲ ಪ್ರಯಾಣಿಕರ ಗಾಡಿ ಚರ್ಚಿಲ್ ನಿಲ್ದಾಣಕ್ಕೆ ಬಂತು. 2021ರಲ್ಲಿ ಮಾರ್ಗದ ಒಡೆತನ ಪೂರ್ತಿಯಾಗಿ ಉತ್ತರದ ಆದಿವಾಸಿ ಜನರ ಮತ್ತು ಊರುಗಳ ಕೂಟಕ್ಕೇ ಸೇರಿತು. ಎಲ್ಲೋ ದೂರದಲ್ಲಿ ಕೂತವರ ಕೈಯಲ್ಲಿದ್ದ ಹಳಿ, ಅದೇ ಹಳಿಯ ಮೇಲೆ ಓಡಾಡುವವರ ಕೈಗೆ ಬಂತು.

ಅಲ್ಲಿಂದೀಚೆಗೆ ಸ್ಲೀಪರುಗಳನ್ನು ಬದಲಾಯಿಸಿದ್ದಾರೆ, ಜಲ್ಲಿ ತುಂಬಿದ್ದಾರೆ. 2024ರಲ್ಲಿ ಸತುವಿನ ಅದಿರು ಈ ಮಾರ್ಗದಲ್ಲಿ ಬಂದು ಚರ್ಚಿಲ್ಲಿನಿಂದ ಹಡಗು ಏರಿತು. ಹಾಗೆಂದು ನೆಲದ ಪ್ರಶ್ನೆ ಮುಗಿದಿಲ್ಲ. ಭೂಮಿಯ ಕಾವು ಏರುತ್ತಿರುವಾಗ ಈ ಮಾರ್ಗವನ್ನು ಕಾಪಾಡುವುದು ಒಂದು ಸಲ ಮಾಡಿ ಬಿಡುವ ಕೆಲಸವಲ್ಲ, ಪ್ರತಿ ವರ್ಷ ಮಾಡಬೇಕಾದ ಕೆಲಸ.

ಈಗ ಮೊದಲ ಪ್ರಶ್ನೆಗೆ ಮರಳೋಣ. ಗಾಡಿ ನಿಧಾನವೇಕೆಂದು ನಿಮಗೆ ಗೊತ್ತಾಯಿತು. ಆ ನಿಧಾನವನ್ನು ಪ್ರವಾಸಿಗರು ಒಂದು ಸೊಗಸೆಂದು ಎಣಿಸುತ್ತಾರೆ. ನೋಡಲು ಹೊತ್ತು ಸಿಗುತ್ತದಲ್ಲ! ಊರಿನವರಿಗೆ ಅದು ಸೊಗಸಲ್ಲ, ನಿತ್ಯದ ಕಷ್ಟ. ಆದರೂ ಗಾಡಿ ತಡವಾಗಿಯಾದರೂ ಬಂದರೆ ಸಾಕು ಎಂಬುದನ್ನು ಆ ಹದಿನೆಂಟು ತಿಂಗಳು ಅವರು ಕಲಿತರು.

ಮುಂದೆ ನೀವು ಯಾವುದೇ ರೈಲಿನಲ್ಲಿ ಹೋಗುವಾಗ ಎರಡು ಕೆಲಸ ಮಾಡಿ. ಹೊರಗಿನ ಗುಡ್ಡ, ಹೊಳೆಗಳನ್ನು ನೋಡುವಾಗ ಹಳಿಯ ಪಕ್ಕದ ಜಲ್ಲಿ, ಮೋರಿ, ಸಲಿಕೆ ಹಿಡಿದು ನಿಂತ ಗ್ಯಾಂಗಿನವರನ್ನೂ ನೋಡಿ. ಆಮೇಲೆ ಒಳಗೆ ತಿರುಗಿ, ಪಕ್ಕದಲ್ಲಿ ಕೂತವರು ಎಲ್ಲಿ ಇಳಿಯುತ್ತಾರೆ, ಈ ಗಾಡಿ ಇಲ್ಲದಿದ್ದರೆ ಅವರು ಹೇಗೆ ಹೋಗುತ್ತಿದ್ದರು ಎಂದು ವಿಚಾರಿಸಿ. ಭೂಗೋಳದ ಪಾಠ ಅರ್ಧ ಕಿಟಕಿಯ ಹೊರಗಿದೆ, ಇನ್ನರ್ಧ ಡಬ್ಬಿಯ ಒಳಗಿದೆ.